ಸಾಹೇಬರ ಕುರ್ಚಿಯ ದೀಪ

ತಂತಿರಾಯರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ಪರವಾನಗಿ ಕಚೇರಿಯ ಮುಂದಿನ ಕೌಂಟರಿನಲ್ಲಿ ಹದಿನೆಂಟು ವರ್ಷದಿಂದ ಅರ್ಜಿ ತೆಗೆದುಕೊಳ್ಳುತ್ತಿದ್ದ ಈ ಗುಮಾಸ್ತರ ಜೇಬಿನಿಂದ ಪೆನ್ನಿನ ಬದಲು ಯಾವಾಗಲೂ ಒಂದೆರಡು ಬಣ್ಣದ ತಂತಿಗಳು ಇಣುಕುತ್ತಿದ್ದವು. ಅಂಗೈಯಗಲದ ಮೈಕ್ರೋಕಂಟ್ರೋಲರ್ ಬೋರ್ಡಿಗೆ ನಾಲ್ಕು ಸಾಲು ಪ್ರೋಗ್ರಾಂ ತುಂಬಿಸಿ, ಅದು ಹೇಳಿದಂತೆ ಕೇಳಿ ಒಂದು ಪುಟ್ಟ ದೀಪ ಹೊತ್ತಿಸಿದರೆ ಅವರಿಗೆ ಊಟ ಬೇಡ, ನಿದ್ರೆ ಬೇಡ. ಕಷ್ಟವೆಂದರೆ ಬೋರ್ಡು ಹೇಳಿದಂತೆ ಕೇಳಿದ ದಿನಗಳು ಕಡಿಮೆ. ಮನೆಗೆ ಅವರೇ ಮಾಡಿಟ್ಟ ಕರೆಗಂಟೆ ನೆಂಟರು ಒತ್ತಿದಾಗ ಉಸಿರೆತ್ತುತ್ತಿರಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದಾಗ ಮಾತ್ರ ಬಾರಿಸುತ್ತಿತ್ತು. ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದು ಯಾರೂ ಇಲ್ಲದ ಮೆಟ್ಟಿಲಿಗೆ ಎಷ್ಟು ಸಲ "ಬನ್ನಿ ಬನ್ನಿ" ಎಂದಿದ್ದರೋ ಲೆಕ್ಕವಿಲ್ಲ.

ಆ ಹೆಂಡತಿ ಒಳ್ಳೆಯ ದರ್ಜಿ. ಮನೆಯ ಮೂಲೆಯಲ್ಲಿ ಹೊಲಿದು ಹೊಲಿದು ಸಾಕಾಗಿ, ಪೇಟೆಯ ಬೀದಿಯಲ್ಲಿ ಒಂದು ಕೋಣೆ ಗೊತ್ತುಮಾಡಿ, ಹೊಲಿಗೆ ಅಂಗಡಿಗೆಂದು ಪರವಾನಗಿಗೆ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಗಿತ್ತು. ಅರ್ಜಿಯನ್ನು ತೆಗೆದುಕೊಂಡವರು ಗಂಡನೇ. ಮೊಹರು ಒತ್ತಿದವರೂ ಗಂಡನೇ. ಅಲ್ಲಿಂದ ಫೈಲು ಸಾಹೇಬರ ಮೇಜಿಗೆ ಹೋಗಿ, ಉಳಿದ ಸಾವಿರದ ಜೊತೆ ಮಲಗಿತ್ತು. ಈಗ ಕೋಣೆಯ ಯಜಮಾನರು ಗಡುವು ಕೊಟ್ಟಿದ್ದರು: ತಿಂಗಳ ಕೊನೆಯೊಳಗೆ ಪರವಾನಗಿ ತೋರಿಸಬೇಕು, ಇಲ್ಲದಿದ್ದರೆ ಕೋಣೆ ಕ್ಷೌರದಂಗಡಿಯವನಿಗೆ.

"ರೀ, ನಿಮ್ಮ ಕೌಂಟರಿಗೂ ಸಾಹೇಬರ ಮೇಜಿಗೂ ಎಷ್ಟು ದೂರ?" ಎಂದು ಹೆಂಡತಿ ಒಂದು ಬೆಳಿಗ್ಗೆ ಬಹಳ ಮೃದುವಾಗಿ ಕೇಳಿದರು. ಅವರ ದನಿ ಮೃದುವಾದಾಗ ತಂತಿರಾಯರಿಗೆ ಕೈಕಾಲು ತಣ್ಣಗಾಗುತ್ತಿತ್ತು.

"ಹನ್ನೆರಡು ಹೆಜ್ಜೆ ಇರಬಹುದು."

"ಹದಿನಾಲ್ಕು ತಿಂಗಳಾಯ್ತು. ತಿಂಗಳಿಗೊಂದು ಹೆಜ್ಜೆ ಇಟ್ಟಿದ್ರೂ ಇಷ್ಟೊತ್ತಿಗೆ ಹೋಗಿ ಸಹಿ ಹಾಕಿಸ್ಕೊಂಡು ವಾಪಸ್ ಎರಡು ಹೆಜ್ಜೆ ಬಂದಿರ್ತಿದ್ರಿ."

"ಅವರು ಕುರ್ಚಿಯಲ್ಲಿ ಸಿಗಬೇಕಲ್ಲೇ!"

ಇದು ಮಾತ್ರ ಸತ್ಯ. ಸಾಹೇಬರು ಕೆಟ್ಟವರಲ್ಲ, ಸೋಮಾರಿಯೂ ಅಲ್ಲ. ಎದುರಿಗೆ ಅರ್ಜಿದಾರ ಬಂದು ಕೂತರೆ "ಆಗುತ್ತೆ" ಎನ್ನಲು ಅವರಿಗೆ ಧೈರ್ಯ ಸಾಲದು, "ಆಗಲ್ಲ" ಎನ್ನಲು ಬಾಯಿ ಬಾರದು, ಅಷ್ಟೆ. ಆದ್ದರಿಂದ ಬೆಳಿಗ್ಗೆ ಹತ್ತಕ್ಕೆ ಹಿಂದಿನ ಬಾಗಿಲಿನಿಂದ ಬಂದು, ಕೋಟನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ, ಅದೇ ಬಾಗಿಲಿನಿಂದ ಕ್ಯಾಂಟೀನಿಗೋ ಹಳೆಯ ಕಡತಗಳ ಕೋಣೆಗೋ ಜಾರಿಕೊಳ್ಳುತ್ತಿದ್ದರು. ಸಂಜೆಯವರೆಗೆ ಕಚೇರಿಯ ಆಡಳಿತ ನಡೆಸುತ್ತಿದ್ದದ್ದು ಆ ಕೋಟು. ಯಾರು ಕೇಳಿದರೂ ಜವಾನ ಬಾಗಿಲಲ್ಲಿ ಇಣುಕಿ, "ಕೋಟಿದೆ. ಈಗ ತಾನೇ ಇದ್ರು, ಈಗ ಬರ್ತಾರೆ" ಎನ್ನುತ್ತಿದ್ದ. ಹದಿನೆಂಟು ವರ್ಷದಲ್ಲಿ ಮೂವರು ಸಾಹೇಬರು ಬದಲಾಗಿದ್ದರು, ಜವಾನನ ಮಾತು ಬದಲಾಗಿರಲಿಲ್ಲ.

ಸಾಹೇಬರು ಕುರ್ಚಿಯಲ್ಲಿ ಕೂತ ಕ್ಷಣ ತನಗೆ ಗೊತ್ತಾಗಿಬಿಟ್ಟರೆ? ತಂತಿರಾಯರ ತಲೆಯಲ್ಲಿ ಯೋಜನೆ ಮೂಡಿತು. ಕುರ್ಚಿಯ ಮೆತ್ತೆಯ ಕೆಳಗೆ ಎರಡು ತೆಳು ತಗಡು, ನಡುವೆ ತೂತು ಕೊರೆದ ಸ್ಪಂಜು. ಕೂತರೆ ತಗಡುಗಳು ಒಂದಕ್ಕೊಂದು ತಾಗುತ್ತವೆ, ಎದ್ದರೆ ಬಿಡುತ್ತವೆ. ಬೋರ್ಡು ಅದನ್ನು ನೋಡಿಕೊಂಡು ಕೋಣೆಯ ಬಾಗಿಲ ಮೇಲೆ ದೀಪ ಹೊತ್ತಿಸುತ್ತದೆ: ಸಾಹೇಬರು ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೌಂಟರಿನ ಕೆಳಗೆ ಇಸ್ಪೀಟು ಕಟ್ಟಿನಷ್ಟೇ ದೊಡ್ಡದಾದ ಇನ್ನೊಂದು ಕಂಪ್ಯೂಟರು ಕೂತು, ಯಾವ ಹೊತ್ತಿಗೆ ಯಾವ ದೀಪ ಹೊತ್ತಿತೆಂದು ಬರೆದಿಡುತ್ತದೆ. ಇದರ ಅಗತ್ಯ ಏನೂ ಇರಲಿಲ್ಲ. ಆದರೆ ಕಂಪ್ಯೂಟರು ಮನೆಯಲ್ಲಿ ಸುಮ್ಮನೆ ಬಿದ್ದಿತ್ತು.

ಮನೆಯ ಸ್ಟೂಲಿನ ಮೇಲೆ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತು. ಶನಿವಾರ ಮಧ್ಯಾಹ್ನ ಸಾಹೇಬರು ಕ್ಯಾಂಟೀನಿನಲ್ಲಿದ್ದಾಗ ಜೋಡಿಸಲು ಕೂತರೆ, ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ಸಿಕ್ಕಿ ಒಂದು ರೆಸಿಸ್ಟರಿನ ಕಾಲು ಮುರಿದಿತ್ತು. ತಂತಿರಾಯರು ಎದೆಗುಂದಲಿಲ್ಲ. ಅಂಥದ್ದೊಂದು ರೆಸಿಸ್ಟರು ಬೋರ್ಡಿನ ಹೊಟ್ಟೆಯೊಳಗೇ ಇರುತ್ತದೆ, ಒಂದು ತಂತಿಯ ಜಾಗ ಬದಲಿಸಿ ಪ್ರೋಗ್ರಾಮಿನಲ್ಲಿ ಒಂದು ಪದ ತಿದ್ದಿದರೆ ಸಾಕು ಎಂದು ಎಲ್ಲೋ ಓದಿದ್ದು ನೆನಪಾಯಿತು. ಬದಲಿಸಿದರು, ತಿದ್ದಿದರು. ಅದೇ ಪುಟದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಹೀಗೆ ಮಾಡಿದರೆ ಎಲ್ಲ ತಲೆಕೆಳಗಾಗುತ್ತದೆ, ಒತ್ತಿದಾಗ ಸೊನ್ನೆ ಬರುತ್ತದೆ, ಬಿಟ್ಟಾಗ ಒಂದು. ಪುಟದ ಕೊನೆಯವರೆಗೆ ಓದುವ ತಾಳ್ಮೆ ಇದ್ದಿದ್ದರೆ ತಂತಿರಾಯರು ತಂತಿರಾಯರಾಗಿರುತ್ತಿರಲಿಲ್ಲ.

ಕುರ್ಚಿಯಲ್ಲಿ ಒಂದು ಸಲ ಕೂತು ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೇಳುವವರು ಯಾವ ಕಚೇರಿಯಲ್ಲೂ ಕೆಲಸ ಮಾಡಿರಲಾರರು. ಗುಮಾಸ್ತನೊಬ್ಬ ಸಾಹೇಬರ ಕುರ್ಚಿಯಲ್ಲಿ ಕೂರುವುದೇ! ತಂತಿರಾಯರು ಮೆತ್ತೆಯನ್ನು ಎತ್ತುವಾಗಲೇ ಎರಡು ಸಲ ಕೋಟಿನ ಕ್ಷಮೆ ಕೇಳಿದ್ದರು. ಸ್ವಿಚ್ಚು ಹಾಕಿದಾಗ ಖಾಲಿ ಕುರ್ಚಿಗೆ ದೀಪ ಹಸಿರಾಗಿ ಹೊತ್ತಿತು. ರಾಯರು ಒಂದು ಕ್ಷಣ ತಬ್ಬಿಬ್ಬಾದರು. ಅಷ್ಟರಲ್ಲಿ ಕೋಟಿನ ತುದಿ ಮೆತ್ತೆಗೆ ತಾಗಿರುವುದು ಕಂಡಿತು.

"ಆಹಾ! ಕೋಟಿನ ಭಾರಕ್ಕೂ ಹೊತ್ತುತ್ತೆ! ಎಂಥ ಸೂಕ್ಷ್ಮ!" ಎಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡು, ಕೋಟನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಹಿಂದಿರುಗಿ ನೋಡದೆ ಮನೆಗೆ ಹೋದರು. ಹೋಗುವ ಮುನ್ನ ಮೇಜಿನ ರಾಶಿಯಿಂದ ಹೆಂಡತಿಯ ಫೈಲನ್ನು ಹುಡುಕಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಹಸಿರು ಕಂಡ ಕೂಡಲೇ ಓಡಲು ಕೈಗೆ ಸಿಗುವಂತಿರಬೇಕಲ್ಲ.

ಸೋಮವಾರ ಬೆಳಿಗ್ಗೆ ಮುಂಬಾಗಿಲು ತೆರೆದು ಜನ ಸೇರುವ ಮೊದಲೇ ಸಾಹೇಬರು ಹಿಂದಿನ ಬಾಗಿಲಿನಿಂದ ಬಂದು, ಬೆವರು ಒರೆಸಿಕೊಳ್ಳಲು ಕುರ್ಚಿಯಲ್ಲಿ ಕೂತರು. ದೀಪ ಕೆಂಪಾಯಿತು.

"ಕೆಂಪು ಅಂದ್ರೆ ಸಾಹೇಬರಿಲ್ಲ" ಎಂದು ತಂತಿರಾಯರು ಜವಾನನಿಗೆ ಕಲಿಸಿಕೊಟ್ಟರು. "ಇನ್ನು ಮೇಲೆ ನೀನು ಇಣುಕೋದೇ ಬೇಡ."

ಜವಾನನಿಗೆ ಇದಕ್ಕಿಂತ ಸಂತೋಷ ಬೇರಿರಲಿಲ್ಲ. ಅವನು ಸ್ಟೂಲಿನ ಮೇಲೆ ಕಾಲು ಮಡಿಸಿ ಕೂತು, ಬಂದವರಿಗೆಲ್ಲ ಬೆರಳೆತ್ತಿ ದೀಪ ತೋರಿಸತೊಡಗಿದ. ಒಳಗೆ ಸಾಹೇಬರು ಕೋಟು ತೂಗುಹಾಕಿ ಎದ್ದು ಹೊರಟರು. ದೀಪ ಹಸಿರಾಯಿತು.

"ಬಂದ್ರು!" ಎಂದು ಜವಾನ ಕೂಗಿದ.

ಬಾಗಿಲಿಗೆ ಮೊದಲು ನುಗ್ಗಿದವರು ತಂತಿರಾಯರು. ಅವರ ಹಿಂದೆ ಬೀಗದ ಅಂಗಡಿಯವನು, ಎರಡು ವರ್ಷದಿಂದ ಪರವಾನಗಿ ನವೀಕರಣಕ್ಕೆ ಅಲೆಯುತ್ತಿದ್ದ ಮನುಷ್ಯ. ಅವನ ಹಿಂದೆ ಇಪ್ಪತ್ತು ಜನ. ಕೋಣೆ ಖಾಲಿ. ಕುರ್ಚಿಯ ಬೆನ್ನಿನ ಮೇಲೆ ಕೋಟು ಮೆಲ್ಲಗೆ ತೂಗಾಡುತ್ತಿತ್ತು.

"ಕೋಟು ಇನ್ನೂ ಅಲ್ಲಾಡ್ತಿದೆ!" ಎಂದ ಬೀಗದವನು. "ನಮ್ಮ ಸದ್ದು ಕೇಳಿ ಈಗ ಓಡಿದಾರೆ. ಕೂತಿದ್ದೋರು ನಮ್ಮ ಮುಖ ನೋಡದೆ ಓಡಿದಾರೆ! ಹಿಂದಿನ ಬಾಗಿಲು, ಬನ್ನಿ!"

ಇಷ್ಟು ದಿನ ಸಾಹೇಬರು ಎಲ್ಲಿದ್ದಾರೋ ಎಂದು ಸುಮ್ಮನೆ ಕಾಯುತ್ತಿದ್ದ ಜನಕ್ಕೆ ಈಗ ಅವರು ಹತ್ತು ಹೆಜ್ಜೆಯ ಒಳಗೇ ಇದ್ದಾರೆಂಬುದು ಖಚಿತವಾಯಿತು. ಕ್ಯಾಂಟೀನು, ಕಡತದ ಕೋಣೆ, ಮೆಟ್ಟಿಲ ಕೆಳಗಿನ ಪೊರಕೆ ಇಡುವ ಗೂಡು, ಯಾವುದನ್ನೂ ಬಿಡಲಿಲ್ಲ. ಕ್ಯಾಂಟೀನಿನಲ್ಲಿ ಸಾಹೇಬರ ಕಾಫಿ ಮೇಜಿನ ಮೇಲೆ ಹಬೆಯಾಡುತ್ತಿತ್ತು. ಸಾಹೇಬರು ಮಾತ್ರ ಅಡುಗೆಯ ಕಿಟಕಿ ದಾಟಿ ತಮ್ಮ ಕೋಣೆಗೆ ಮರಳಿ, ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದಿದ್ದರು. ದೀಪ ಕೆಂಪಾಯಿತು.

"ಕೆಂಪು ಬಿತ್ತು, ಎಲ್ಲ ಬಂದು ಕೂತ್ಕೊಳ್ರಪ್ಪಾ!" ಎಂದು ಜವಾನ ಕರೆದ. ಜನ ಏದುಸಿರು ಬಿಡುತ್ತ ಬೆಂಚುಗಳ ಮೇಲೆ ಕೂತರು. ಬಾಗಿಲನ್ನು ಯಾರೂ ತಟ್ಟಲಿಲ್ಲ.

ಒಂದು ವಾರ ಹೀಗೇ ನಡೆಯಿತು. ಸಾಹೇಬರು ಎದ್ದರೆ ದಂಡು ಬೆನ್ನಟ್ಟುತ್ತಿತ್ತು, ಕೂತರೆ ಶಾಂತಿ. ಬಾಗಿಲ ಮೇಲಿನ ದೀಪದ ವಿಷಯ ಅವರಿಗೆ ಹೇಳುವವರಿರಲಿಲ್ಲ. ಹೇಳಬೇಕಾದರೆ ಅವರು ಸಿಗಬೇಕಲ್ಲ. ಅವರಿಗೆ ತಿಳಿದದ್ದು ಇಷ್ಟೇ: ಈ ಭೂಮಿಯ ಮೇಲೆ ತಮ್ಮ ಪಾಲಿಗೆ ಒಂದೇ ಒಂದು ಸುರಕ್ಷಿತ ಜಾಗ ಉಳಿದಿದೆ, ಅದು ತಮ್ಮ ಕುರ್ಚಿ. ಬೆಳಿಗ್ಗೆ ಹತ್ತಕ್ಕೆ ಕೂತರೆ ಐದರವರೆಗೆ ಅಲುಗಾಡದಾದರು.

ಒಂದು ಮಧ್ಯಾಹ್ನ ಒಳಗಿನಿಂದ ಕೆಮ್ಮು ಕೇಳಿಸಿತು.

"ಅಣ್ಣಾ, ಸಾಹೇಬರು ಕೆಮ್ಮಿದ ಹಾಗಾಯ್ತು" ಎಂದರು ಬೆಂಚಿನ ಮೇಲಿದ್ದ ಹೂವಿನ ಅಂಗಡಿಯ ಹೆಂಗಸು.

ಜವಾನ ದೀಪ ನೋಡಿದ. "ಕೆಂಪಿದೆಯಮ್ಮ. ಕೆಮ್ಮಿದ್ದು ಸಾಹೇಬರಲ್ಲ."

"ಮತ್ತೆ ಯಾರು?"

"ಯಾರಾದರೂ ಇರಬಹುದು. ಕೆಮ್ಮೋಕೆ ಪರವಾನಗಿ ಬೇಕಾ?"

ಸ್ವಲ್ಪ ಹೊತ್ತಿಗೆ ಸಾಹೇಬರು ನೀರಿಗಾಗಿ ಗಂಟೆ ಒತ್ತಿದರು. ಜವಾನನ ಮುಖ ಬಿಳಿಚಿಕೊಂಡಿತು. "ಕುರ್ಚಿ ಖಾಲಿ ಇರೋವಾಗ ಗಂಟೆ ಹೊಡೆದೋರು ಯಾರೋ ಏನೋ. ನಾನಂತೂ ಒಳಗೆ ಹೋಗಲ್ಲ" ಎಂದು ಸ್ಟೂಲನ್ನು ಎರಡು ಅಡಿ ಹಿಂದಕ್ಕೆ ಎಳೆದುಕೊಂಡ. ಗಂಟಲು ಒಣಗಿದ ಸಾಹೇಬರು ತಾವೇ ಎದ್ದು ಮುಂದಿನ ಬಾಗಿಲು ಅರ್ಧ ತೆರೆದು ಮುಖ ಹಾಕಿದರು. ಅವರು ಎದ್ದದ್ದೇ ತಡ, ತಲೆಯ ಮೇಲಿನ ದೀಪ ಹಸಿರಾಯಿತು.

"ನೋಡಿ! ಹಸಿರು! ಸಾಹೇಬರು!" ಎಂದು ತಂತಿರಾಯರು ಕುಣಿದಾಡಿದರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಜನ ನುಗ್ಗುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು, ಹಿಂದೆಯೇ ಸಾಹೇಬರು ಕುರ್ಚಿಗೆ ಬಿದ್ದರು, ದೀಪ ಕೆಂಪಾಯಿತು. "ಹೋಗ್ಬಿಟ್ರು" ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಅಂದಿನಿಂದ ದೀಪದ ಮಾತನ್ನು ಅನುಮಾನಿಸುವವರು ಆ ಕಚೇರಿಯಲ್ಲಿ ಉಳಿಯಲಿಲ್ಲ.

ಎರಡನೇ ವಾರ ತಂತಿರಾಯರು ಕೌಂಟರಿನ ಕೆಳಗಿನ ಕಂಪ್ಯೂಟರು ಬರೆದಿಟ್ಟದ್ದನ್ನು ತೆಗೆದು ನೋಡಿ ಬೆಚ್ಚಿಬಿದ್ದರು. ಸಂಜೆ ಐದರಿಂದ ಮರುದಿನ ಬೆಳಿಗ್ಗೆ ಹತ್ತರವರೆಗೆ ಹಸಿರು. ಭಾನುವಾರ ಇಡೀ ದಿನ ಹಸಿರು. ಇದರಿಂದ ಬೇರೆ ಯಾರಿಗಾದರೂ ಏನು ಹೊಳೆಯುತ್ತಿತ್ತೋ, ತಂತಿರಾಯರಿಗೆ ಹೊಳೆದದ್ದು ಒಂದೇ.

"ಪಾಪ" ಎಂದು ಅವರು ಜವಾನನ ಕಿವಿಯಲ್ಲಿ ಪಿಸುಗುಟ್ಟಿದರು. "ರಾತ್ರಿಯೆಲ್ಲ ಇಲ್ಲೇ ಕುರ್ಚಿಯಲ್ಲಿ ಕೂತಿರ್ತಾರೆ. ಮನೆಯಲ್ಲಿ ಏನೋ ಆಗಿದೆ."

ಸಂಜೆಯೊಳಗೆ ಸಾಹೇಬರನ್ನು ಹೆಂಡತಿ ಮನೆಯಿಂದ ಹೊರಗೆ ಹಾಕಿದ ಸುದ್ದಿ ಕ್ಯಾಂಟೀನಿನವರೆಗೆ ಮುಟ್ಟಿತು. ಮರುದಿನ ಬೆಳಿಗ್ಗೆ ಸಾಹೇಬರು ಕೋಣೆಗೆ ಬಂದರೆ ಮೇಜಿನ ಮೇಲೆ ಒಂದು ದಿಂಬು, ಒಂದು ಕಂಬಳಿ, ಹೂವಿನಂಗಡಿಯ ಹೆಂಗಸು ಇಟ್ಟ ಒಂದು ಚೀಟಿ: "ಧೈರ್ಯವಾಗಿರಿ. ಎಲ್ಲರ ಮನೆಯಲ್ಲೂ ಇದ್ದದ್ದೇ." ಸಾಹೇಬರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅರ್ಥವಾಗಲಿಲ್ಲ. ದಿಂಬನ್ನು ಬೆನ್ನಿಗಿಟ್ಟುಕೊಂಡು ಕೂತರು. ಆರಾಮವಾಗಿತ್ತು.

ಹೀಗೆ ದಿನಕ್ಕೆ ಏಳು ಗಂಟೆ ಒಬ್ಬನೇ ಕೂತ ಮನುಷ್ಯ ಏನು ಮಾಡಿಯಾನು? ಎದುರಿಗೆ ಫೈಲಿನ ರಾಶಿ ಇತ್ತು, ಕೈಯಲ್ಲಿ ಪೆನ್ನಿತ್ತು. "ಆಗುತ್ತೆ" ಎಂದು ಬಾಯಲ್ಲಿ ಹೇಳಲಾರದವರು ಕಾಗದದ ಮೇಲೆ ಧಾರಾಳವಾಗಿ ಬರೆಯತೊಡಗಿದರು. ಸಹಿಯಾದ ಫೈಲುಗಳನ್ನು ಗೋಡೆಯ ಸಣ್ಣ ಕಿಂಡಿಯಿಂದ ಪಕ್ಕದ ರವಾನೆ ಕೋಣೆಗೆ ತಳ್ಳಿದರು. ರವಾನೆಯ ಅಕ್ಕ ವರ್ಷಕ್ಕೆ ಹತ್ತು ಲಕೋಟೆ ಅಂಟಿಸಿ ಅಭ್ಯಾಸವಾದವರು. ಈಗ ದಿನಕ್ಕೆ ಎಪ್ಪತ್ತು ಅಂಟಿಸಿ ಅವರ ಬೆರಳುಗಳೇ ಒಂದಕ್ಕೊಂದು ಅಂಟಿಕೊಂಡವು. ಅರ್ಜಿದಾರರು ಕಚೇರಿಯಲ್ಲಿ ಸಾಹೇಬರನ್ನು ಬೇಟೆಯಾಡುತ್ತಿರುವಾಗ ಅವರ ಮನೆಬಾಗಿಲಿಗೆ ಪರವಾನಗಿಗಳು ಅಂಚೆಯಲ್ಲಿ ಬಂದು ಬೀಳುತ್ತಿದ್ದವು.

"ನನಗೂ ಬಂತು" ಎಂದ ಬೀಗದವನು ಒಂದು ದಿನ, ಸ್ವಲ್ಪ ಸಪ್ಪೆಯಾಗಿ.

"ಮತ್ತೆ ಇನ್ನೂ ಯಾಕೆ ಬರ್ತೀಯಪ್ಪಾ?" ಎಂದು ತಂತಿರಾಯರು ಕೇಳಿದರು.

"ಅದು ಬೇರೆ ವಿಷಯ, ಇದು ಬೇರೆ ವಿಷಯ. ಅವರನ್ನ ಹಿಡಿಯದೆ ನಾನು ಬಿಡಲ್ಲ."

ತಂತಿರಾಯರ ಮನೆಗೆ ಮಾತ್ರ ಏನೂ ಬರಲಿಲ್ಲ. ಮೂರು ವಾರ ಕಳೆದವು. ರಾಯರು ಫೈಲನ್ನು ಕಂಕುಳಲ್ಲಿಟ್ಟುಕೊಂಡೇ ಅರ್ಜಿ ತೆಗೆದುಕೊಂಡರು, ಊಟ ಮಾಡಿದರು, ಹಸಿರು ಕಂಡಾಗಲೆಲ್ಲ ಓಡಿದರು. ಮನೆಯಲ್ಲಿ ಹೆಂಡತಿಯ ದನಿ ದಿನದಿನಕ್ಕೆ ಮೃದುವಾಗುತ್ತಿತ್ತು.

"ಎದುರು ಮನೆಯವರ ತಮ್ಮನಿಗೆ ಬಂತಂತೆ. ಅವನ ಷಡ್ಡಕನಿಗೂ ಬಂತಂತೆ. ನಾಳೆ ತಿಂಗಳ ಕೊನೆ. ಕ್ಷೌರದವನು ಕುರ್ಚಿ ಎಷ್ಟು ಹಿಡಿಸುತ್ತೆ ಅಂತ ನೋಡೋಕೆ ಬರ್ತಾನಂತೆ. ನಾಳೆ ನಾನೇ ಬರ್ತೀನಿ ನಿಮ್ಮ ಕಚೇರಿಗೆ."

ಆ "ನಾಳೆ" ಬೆಳಿಗ್ಗೆ ಹನ್ನೊಂದಕ್ಕೆ, ಯಾರೂ ನಿರೀಕ್ಷಿಸದ ಒಬ್ಬರು ಮೊದಲು ಬಂದರು. ಕೇಂದ್ರ ಕಚೇರಿಯ ಮೇಲಧಿಕಾರಿ. ಕೈಯಲ್ಲಿ ಬೀಗದವನು ಬರೆದ ದೂರು: ಸಾಹೇಬರು ಕುರ್ಚಿಯಲ್ಲಿ ಕೂರುವುದೇ ಇಲ್ಲ, ದೀಪವೇ ಸಾಕ್ಷಿ.

"ಈ ದೀಪ ಯಾರು ಹಾಕಿದ್ದು? ಯಾರ ಅಪ್ಪಣೆ?" ಎಂದು ಮೇಲಧಿಕಾರಿ ಕೇಳಿದರು. ಎಲ್ಲರ ಬೆರಳುಗಳೂ ಒಂದೇ ಕಡೆಗೆ ತಿರುಗಿದವು.

"ನಾನೇ ಮೇಡಂ. ಅಪ್ಪಣೆ ಕೇಳೋಣ ಅಂದ್ರೆ ಸಾಹೇಬರು ಸಿಗಲಿಲ್ಲ" ಎಂದರು ತಂತಿರಾಯರು, ಮತ್ತು ಕಂಪ್ಯೂಟರು ಬರೆದ ಪಟ್ಟಿಯನ್ನು ಮುಂದಿಟ್ಟರು.

ಮೇಲಧಿಕಾರಿ ಕನ್ನಡಕ ಹಾಕಿಕೊಂಡು ಓದಿದರು. "ಮೂರು ವಾರದಿಂದ ಹತ್ತರಿಂದ ಐದರವರೆಗೆ ಕುರ್ಚಿಯಲ್ಲಿಲ್ಲ. ಐದರಿಂದ ಹತ್ತರವರೆಗೆ ಕುರ್ಚಿಯಲ್ಲಿದ್ದಾರೆ. ಭಾನುವಾರ ಎದ್ದೇ ಇಲ್ಲ. ಏನ್ರೀ ಇದು?"

"ಮನೆ ತಾಪತ್ರಯ ಮೇಡಂ" ಎಂದು ಜವಾನ ದನಿ ತಗ್ಗಿಸಿದ. "ದಿಂಬು ನಾವೇ ಕೊಟ್ಟಿದ್ದು."

"ಕೆಲಸದ ಹೊತ್ತಲ್ಲಿ ಇಲ್ಲ ಅಂದ್ರೆ ಇಲ್ಲ. ಅವರಿಗೆ ನೋಟೀಸು. ಅಪ್ಪಣೆಯಿಲ್ಲದೆ ಕುರ್ಚಿಗೆ ತಂತಿ ಸುತ್ತಿದ ನಿಮಗೆ ವರ್ಗಾವಣೆ." ಮೇಲಧಿಕಾರಿ ಪೆನ್ನು ತೆಗೆದು ಕಾಗದದ ಮೇಲೆ ಬರೆಯತೊಡಗಿದರು. ತಂತಿರಾಯರಿಗೆ ಅಂಗಡಿಯೂ ಹೋಯಿತು, ಊರೂ ಹೋಯಿತು.

ಅದೇ ಹೊತ್ತಿಗೆ ಅವರ ಹೆಂಡತಿ ಬಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಯಾರನ್ನೂ ಮಾತಾಡಿಸದೆ ನೇರ ಸಾಹೇಬರ ಬಾಗಿಲಿಗೆ ನಡೆದರು.

"ಅಮ್ಮಾ, ಕೆಂಪಿದೆ!" ಎಂದು ಜವಾನ ಅಡ್ಡ ಬಂದ.

"ಕೆಂಪಿರಲಿ, ನೀಲಿ ಇರಲಿ. ಸಾಹೇಬರು ಇಲ್ಲದಿದ್ರೆ ಅವರ ಕುರ್ಚಿಯಲ್ಲೇ ಕೂತು ಕಾಯ್ತೀನಿ" ಎಂದು ಬಾಗಿಲು ದೂಡಿದರು.

ಬಾಗಿಲು ತೆರೆಯಿತು. ಮೇಲಧಿಕಾರಿ ನೋಡಿದರು, ತಂತಿರಾಯರು ನೋಡಿದರು; ಜವಾನ ಮಾತ್ರ ತಲೆಯೆತ್ತಿ ಕೆಂಪು ದೀಪವನ್ನೇ ನೋಡುತ್ತಿದ್ದ. ಕುರ್ಚಿಯಲ್ಲಿ, ಬೆನ್ನಿಗೆ ದಿಂಬಿಟ್ಟುಕೊಂಡು, ಸಾಹೇಬರು ಕೂತಿದ್ದರು.

ಮೇಲಧಿಕಾರಿ ದೀಪ ನೋಡಿದರು. ಸಾಹೇಬರನ್ನು ನೋಡಿದರು. ಮತ್ತೆ ದೀಪ ನೋಡಿದರು. ಹೆಂಡತಿಯ ಹಿಂದೆಯೇ ತಂತಿರಾಯರನ್ನೂ ಒಳಗೆ ಎಳೆದುಕೊಂಡು ಬಾಗಿಲು ಮುಚ್ಚಿದರು.

"ಒತ್ತಿದ್ರೆ ಸೊನ್ನೆ..." ಎಂದು ತಂತಿರಾಯರು ತಮಗೆ ತಾವೇ ಹೇಳಿಕೊಂಡರು. "ಬಿಟ್ಟರೆ ಒಂದು. ಅಯ್ಯೋ! ಮೇಡಂ, ತಲೆಕೆಳಗಾಗಿದೆ! ಕೂತ್ರೆ ಕೆಂಪು, ಎದ್ರೆ ಹಸಿರು! ಮೂರು ವಾರದಿಂದ ಇವರು ಇಲ್ಲೇ ಇದಾರೆ!"

"ಮತ್ತೆಲ್ಲಿಗೆ ಹೋಗಲಿ?" ಎಂದರು ಸಾಹೇಬರು ಅಳುವ ದನಿಯಲ್ಲಿ. "ಹೊರಗೆ ಕಾಲಿಟ್ರೆ ಅಟ್ಟಿಸ್ಕೊಂಡು ಬರ್ತಾರೆ. ಇಲ್ಲಿ ಕೂತ್ರೆ ಒಬ್ಬರೂ ಬರಲ್ಲ. ಸುಮ್ಮನೆ ಕೂತು ಏನು ಮಾಡೋದು ಅಂತ ಸಹಿ ಹಾಕ್ತಾ ಹೋದೆ."

"ಎಷ್ಟು ಬಾಕಿ ಇದೆ ಈಗ?" ಎಂದು ಮೇಲಧಿಕಾರಿ ಕೇಳಿದರು.

ಸಾಹೇಬರು ಮೇಜು ತೋರಿಸಿದರು. ಮೇಜಿಗೆ ಮೇಲ್ಮೈ ಎಂಬುದೊಂದು ಇದೆಯೆಂದು ಆ ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ. ಅದು ಫಳಫಳ ಹೊಳೆಯುತ್ತಿತ್ತು. "ಒಂದೂ ಇಲ್ಲ ಮೇಡಂ. ಸಾವಿರದ ನಲವತ್ತೊಂದು ಮುಗಿದವು."

"ಒಂದೂ ಇಲ್ವಾ?" ಎಂದರು ಹೆಂಡತಿ. "ಹೊಲಿಗೆ ಅಂಗಡಿ ಅರ್ಜಿ, ಹದಿನಾಲ್ಕು ತಿಂಗಳಾಯ್ತು. ಊರಿಗೆಲ್ಲ ಬಂದು ನನಗೆ ಯಾಕೆ ಬಂದಿಲ್ಲ?"

"ಹೊಲಿಗೆ ಅಂಗಡಿಯದು ಈ ರಾಶಿಯಲ್ಲಿ ಇರಲೇ ಇಲ್ಲಮ್ಮ. ನಾನು ಒಂದನ್ನೂ ಬಿಟ್ಟಿಲ್ಲ."

ಹೆಂಡತಿಯ ದೃಷ್ಟಿ ಮೆಲ್ಲನೆ ಮೇಜಿನಿಂದ ಎದ್ದು, ಗೋಡೆಯ ಮೇಲೆ ಹಾದು, ಗಂಡನ ಎಡಗೈಯ ಬುಡಕ್ಕೆ ಬಂದು ನಿಂತಿತು.

"ರೀ," ಎಂದರು ಅತ್ಯಂತ ಮೃದುವಾಗಿ, "ಕಂಕುಳಲ್ಲಿ ಏನದು?"

ಮೂರು ವಾರದ ಬೆವರಿಗೆ ಫೈಲು ಬಾಳೆಯೆಲೆಯಂತೆ ಬಾಗಿತ್ತು. ಇಡೀ ಕಚೇರಿಯಲ್ಲಿ ಸಹಿಯಾಗದೆ ಉಳಿದ ಏಕಮಾತ್ರ ಫೈಲನ್ನು ತಂತಿರಾಯರು ಎರಡು ಕೈಯಿಂದ ಮೇಜಿನ ಮೇಲಿಟ್ಟರು. ಸಾಹೇಬರು ಅದನ್ನು ಅಂಗೈಯಿಂದ ಸವರಿ ನೇರಮಾಡಿ, ಒಂದು ಗಳಿಗೆಯಲ್ಲಿ ಪರವಾನಗಿಗೆ ಸಹಿ ಹಾಕಿ, ಮೊಹರು ಒತ್ತಿ, ತಂತಿರಾಯರ ಹೆಂಡತಿಯ ಕೈಗೇ ಕೊಟ್ಟರು.

"ಈಗಲೇ ಒಂದು ಸಾಲು ತಿದ್ದಿ ದೀಪ ಸರಿಮಾಡಿಬಿಡ್ತೀನಿ ಮೇಡಂ, ವರ್ಗಾವಣೆ ಮಾತ್ರ ಮಾಡಬೇಡಿ" ಎಂದು ತಂತಿರಾಯರು ಕೈಮುಗಿದರು.

"ಬೇಡ!" ಎಂದು ಸಾಹೇಬರು ಕಿರುಚಿದರು. ಅವರು ಯಾರಿಗಾದರೂ ಬಾಯಿಬಿಟ್ಟು "ಬೇಡ" ಎಂದದ್ದು ಇದೇ ಮೊದಲು.

ಮೇಲಧಿಕಾರಿ ಹೊಳೆಯುವ ಮೇಜನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು. ಆಮೇಲೆ ಬರೆದಿದ್ದ ಕಾಗದವನ್ನು ನಾಲ್ಕು ತುಂಡು ಮಾಡಿದರು. "ಮುಟ್ಟಬೇಡಿ ಅದನ್ನ. ಈ ಮಾತು ಈ ಕೋಣೆ ಬಿಟ್ಟು ಹೊರಗೆ ಹೋಗಬಾರದು. ಬರೋ ವಾರ ಕೇಂದ್ರ ಕಚೇರಿಗೆ ಬನ್ನಿ, ಹನ್ನೊಂದು ಕುರ್ಚಿಗಳಿವೆ. ಎಲ್ಲಕ್ಕೂ ಹಾಕಿ." ದನಿ ತಗ್ಗಿಸಿ ಸೇರಿಸಿದರು: "ಮೊದಲು ನನ್ನದಕ್ಕೆ. ಇದೇ ತಪ್ಪು ಸಮೇತ."

ಹೊರಗೆ ಬಂದಾಗ ಜವಾನ ಬಾಯಿ ತೆರೆದುಕೊಂಡು ನಿಂತಿದ್ದ. ಅವನು ತಂತಿರಾಯರ ಹೆಂಡತಿಯ ಕೈಯಲ್ಲಿದ್ದ ಪರವಾನಗಿಯ ಒದ್ದೆ ಮೊಹರನ್ನು ನೋಡಿದ, ತಲೆಯೆತ್ತಿ ಕೆಂಪು ದೀಪವನ್ನು ನೋಡಿದ. "ಅಮ್ಮಾ, ಸಾಹೇಬರು ಇಲ್ಲದೆ ಸಹಿ ಹೇಗಾಯ್ತು?"

"ನಮ್ಮ ಯಜಮಾನ್ರು ಮಾಡಿದ ದೀಪ ಕಣಪ್ಪಾ ಅದು" ಎಂದರು ಅವರು, ನಡಿಗೆ ನಿಲ್ಲಿಸದೆ. "ಸಾಹೇಬರು ಬರೋವರೆಗೂ ಕಾಯೋ ಅಂಥದ್ದಲ್ಲ."

ಹದಿನೆಂಟು ವರ್ಷದಲ್ಲಿ ತಂತಿರಾಯರು ಕೇಳಿದ ಅತಿ ದೊಡ್ಡ ಹೊಗಳಿಕೆ ಅದು. ಬೆಂಚುಗಳ ಮೇಲಿದ್ದವರೆಲ್ಲ ಎದ್ದು ದಾರಿ ಬಿಟ್ಟರು. ರಾಯರು ಖಾಲಿಯಾದ ಕಂಕುಳನ್ನು ಏನು ಮಾಡಬೇಕೆಂದು ತಿಳಿಯದೆ, ಒಂದು ಕೈಯನ್ನು ಸ್ವಲ್ಪ ಎತ್ತಿಕೊಂಡೇ ಹೆಂಡತಿಯ ಪಕ್ಕದಲ್ಲಿ ಬೀದಿಗಿಳಿದರು.

ಪೇಟೆಯ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಯಜಮಾನರು ನಿಂತಿದ್ದರು. ಕ್ಷೌರದವನು ಮಂಡಿಯೂರಿ, ಕಿವಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿಕೊಂಡು, ಕನ್ನಡಿಗಾಗಿ ಗೋಡೆಯ ಅಳತೆ ತೆಗೆಯುತ್ತಿದ್ದ. ಹೆಂಡತಿ ಪರವಾನಗಿಯನ್ನು ಯಜಮಾನರ ಕಣ್ಣಿನ ಮಟ್ಟಕ್ಕೆ ಹಿಡಿದರು. ಯಜಮಾನರು ಎರಡು ಸಲ ಓದಿ ಬೀಗದ ಕೈಯನ್ನು ಅವರ ಅಂಗೈಗೆ ಹಾಕಿದರು. ಕ್ಷೌರದವನು ಮುಖ ಇಳಿಸಿಕೊಂಡು ಎದ್ದು, ಟೇಪು ಸುತ್ತಲು ಹೊರಟ.

"ಇರಪ್ಪಾ, ಹೇಗೂ ಅಳತೆ ತೆಗೆದಿದೀಯ" ಎಂದರು ಹೆಂಡತಿ. "ಎಷ್ಟು ಬಂತು ಹೇಳಿ ಹೋಗು. ಕನ್ನಡಿ ನನಗೂ ಬೇಕು."